ಲಿಯೋನಿನಲ್ಲಿ ಮನೆಮಂದಿ ಜೊತೆ ಶಾರ್ಕ್ಯುತ್ರಿ ಊಟ: ಕೊಳ್ಳುವುದರಿಂದ ಕೂತು ತಿನ್ನುವವರೆಗೆ

ಫ್ರಾನ್ಸಿಗೆ ಹೊರಟವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಮರದ ಹಲಗೆ ಮೇಲೆ ತಣ್ಣನೆ ಮಾಂಸ, ಬ್ರೆಡ್ಡು, ಚೀಸು ಹರಡಿಕೊಂಡು ಗಂಟೆಗಟ್ಟಲೆ ತಿನ್ನುತ್ತಾರಲ್ಲ, ಅದನ್ನು ನಾವು ಮಾಡೋದು ಹೇಗೆ? ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಮಕ್ಕಳಿದ್ದಾರೆ, ಯಾರಿಗೂ ಫ್ರೆಂಚ್ ಬರಲ್ಲ." ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಊರು ಲಿಯೋನ್ ಎಂದು ಇಟ್ಟುಕೊಂಡಿದ್ದೇನೆ. ಈ ಊಟಕ್ಕೆ ಅದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಸುಮಾರು 2 ಗಂಟೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಬೇರೆ ಊರಿನಲ್ಲಿದ್ದರೂ ಚಿಂತೆಯಿಲ್ಲ, ಅಂಗಡಿಯ ಹೆಸರು ಬದಲಾಗುತ್ತದೆ, ಕ್ರಮ ಇದೇ.

ಮೊದಲು ಪದ. ಶಾರ್ಕ್ಯುತ್ರಿ ಅಂದರೆ ಉಪ್ಪು ಹಾಕಿ, ಒಣಗಿಸಿ, ಹೊಗೆಯಾಡಿಸಿ ಅಥವಾ ಬೇಯಿಸಿ ಇಟ್ಟ ಮಾಂಸದ ತಿನಿಸುಗಳು. ಹೆಚ್ಚಿನವು ಹಂದಿ ಮಾಂಸದವು. 'ಬೆಂದ ಮಾಂಸ' ಎನ್ನುವ ಹಳೆಯ ಫ್ರೆಂಚ್ ಮಾತಿನಿಂದ ಈ ಹೆಸರು ಬಂದಿದೆ. ಇದನ್ನು ಮಾರುವ ಅಂಗಡಿಗೂ ಶಾರ್ಕ್ಯುತ್ರಿ ಎಂದೇ ಹೆಸರು.

ಹಂತ 1: ದಿನ, ಹೊತ್ತು ನೋಡಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ಸೋಮವಾರ ಹೋಗಬೇಡಿ. ಲಿಯೋನಿನ ದೊಡ್ಡ ಒಳಾಂಗಣ ಮಾರುಕಟ್ಟೆ 'ಲೆ ಆಲ್ ದ ಲಿಯೋನ್ ಪೋಲ್ ಬೊಕ್ಯೂಸ್' ಅವತ್ತು ಮುಚ್ಚಿರುತ್ತದೆ. ಭಾನುವಾರ ತೆರೆದಿದ್ದರೂ ಮಧ್ಯಾಹ್ನದ ಹೊತ್ತಿಗೆ ಮಳಿಗೆಗಳು ಬಾಗಿಲು ಹಾಕುತ್ತವೆ. ಈಗಿನ ಮಾರುಕಟ್ಟೆ ಶುರುವಾದದ್ದು 1971ರಲ್ಲಿ. ಊರಿನ ಹೆಸರಾಂತ ಅಡುಗೆಗಾರ ಪೋಲ್ ಬೊಕ್ಯೂಸ್ ಅವರ ಹೆಸರನ್ನು ಆಮೇಲೆ ಇಟ್ಟರು. ಪಾರ್-ದಿಯೂ ರೈಲು ನಿಲ್ದಾಣದಿಂದ 10 ನಿಮಿಷದ ನಡಿಗೆ.

ಬಯಲು ಸಂತೆ ಇಷ್ಟವಾದರೆ ಎರಡು ಜಾಗ ಇವೆ: ಸೋನ್ ನದಿ ದಂಡೆಯ ಸೇಂತ್-ಆಂತ್ವಾನ್ ಸಂತೆ, ಮತ್ತು ಗುಡ್ಡದ ಮೇಲಿನ ಕ್ರ್ವಾ-ರೂಸ್ ಸಂತೆ. ಎರಡೂ ಬೆಳಗಿನ ಹೊತ್ತಿನವು, ಎರಡಕ್ಕೂ ಸೋಮವಾರ ರಜೆ. ಬೀದಿಯ ಸಣ್ಣ ಅಂಗಡಿಗಳು ಮಧ್ಯಾಹ್ನ ಎರಡು ಮೂರು ಗಂಟೆ ಮುಚ್ಚುವುದು ಅಲ್ಲಿ ಮಾಮೂಲು. ಆಗಸ್ಟ್‌ನಲ್ಲಂತೂ ವಾರಗಟ್ಟಲೆ ರಜೆ ಹಾಕಿ ಹೋಗುವವರು ಇದ್ದಾರೆ. ಆದ್ದರಿಂದ ಬೆಳಿಗ್ಗೆ 10ರಿಂದ 11ರೊಳಗೆ ಕೊಂಡುಬಿಡಿ, 12ಕ್ಕೆ ಕೂತುಬಿಡಿ. ಮುಂದಿನ ಎರಡು ಮೂರು ಗಂಟೆಗೆ ಬೇರೆ ಯಾವ ಟಿಕೆಟ್ಟೂ ಬುಕ್ ಮಾಡಬೇಡಿ. ಈ ಊಟಕ್ಕೆ ಬೇಕಾದ ಮುಖ್ಯ ಪದಾರ್ಥ ಬಿಡುವು. ನಡುವೆ ಮ್ಯೂಸಿಯಂ ಇಟ್ಟುಕೊಂಡರೆ ಎಲ್ಲರೂ ಗಡಿಯಾರ ನೋಡುತ್ತಾ ತಿನ್ನುತ್ತಾರೆ.

ಹಂತ 2: ಮನೆಯವರನ್ನು ಮೊದಲೇ ಕೇಳಿ

ಅಂಗಡಿ ಮುಂದೆ ನಿಂತು ಕೇಳಬೇಡಿ, ಹಿಂದಿನ ರಾತ್ರಿಯೇ ಕೇಳಿ. ಹಂದಿ ತಿನ್ನುವವರು ಯಾರು? ದನದ ಮಾಂಸ ಬೇಡವೆನ್ನುವವರು ಯಾರು? ಮೊಟ್ಟೆ, ಮೀನು ನಡೆಯುತ್ತದಾ? ಕೊಡಗಿನ ಕಡೆಯವರಿಗೂ ಮಂಗಳೂರಿನ ಕ್ರೈಸ್ತ ಮನೆಗಳವರಿಗೂ ಹಂದಿ ಹೊಸದಲ್ಲ. ಆದರೆ ಒಣ ಸಾಸೇಜಿನಂಥವನ್ನು ಬೇಯಿಸದೆ ಹಾಗೇ ತಿನ್ನುವುದು ಅವರಿಗೂ ಹೊಸದಾಗಿರಬಹುದು. ಅಳುಕುವವರಿಗೆ ಬೆಂದ ಹ್ಯಾಮ್‌ನಿಂದ ಶುರು ಮಾಡಿಸಿ.

ಎರಡು ಪದ ಕಿವಿಗೆ ಹಾಕಿಕೊಳ್ಳಿ. 'ಪೋರ್' ಅಂದರೆ ಹಂದಿ, 'ಬಫ್' ಅಂದರೆ ದನ. 'ಪ್ಯೂರ್ ಪೋರ್' ಎಂದಿದ್ದರೆ ಒಳಗಿರುವ ಮಾಂಸ ಬರೀ ಹಂದಿಯದು. ಒಣ ಸಾಸೇಜುಗಳ ಹೊರ ಚರ್ಮ ಸಾಮಾನ್ಯವಾಗಿ ಪ್ರಾಣಿಯ ಕರುಳು. ಕೆಲವಕ್ಕೆ ದನದ ಕರುಳು ಬಳಸುತ್ತಾರೆ. ಅದೂ ಬೇಡ ಎನ್ನುವವರು ಬಾಯಿಬಿಟ್ಟು ಕೇಳಲೇಬೇಕು. ಹಂದಿ ಬೇಡವೆಂದು ಬಾತುಕೋಳಿಯ ತೆರೀನ್ (ಅಚ್ಚಿನಲ್ಲಿ ಬೇಯಿಸಿದ ಕೊಚ್ಚಿದ ಮಾಂಸ) ಕೊಳ್ಳುವವರೂ ಎಚ್ಚರವಾಗಿರಿ. ಅದರಲ್ಲಿ ಕೊಬ್ಬಿಗಾಗಿ ಹಂದಿ ಸೇರಿರುವುದು ತೀರಾ ಸಾಮಾನ್ಯ. 'ಸಾಂ ಪೋರ್?' ಅಂದರೆ 'ಹಂದಿ ಇಲ್ಲದ್ದಾ?' ಎಂದರ್ಥ. ಫೋನಿನ ಅನುವಾದ ಕ್ಯಾಮೆರಾವನ್ನು ಚೀಟಿಯ ಮೇಲೆ ಹಿಡಿದರೆ ಅರ್ಧ ಸಂಶಯ ಅಲ್ಲೇ ತೀರುತ್ತದೆ.

ಆರೋಗ್ಯದ ವಿಷಯದಲ್ಲಿ ರಾಜಿ ಬೇಡ. ಗರ್ಭಿಣಿಯರು ಪಾತೆ, ರಿಯೆತ್ (ಇವೇನೆಂದು ಮುಂದಿನ ಹಂತದಲ್ಲಿದೆ), ಒಣ ಸಾಸೇಜು, ಹಸಿ ಹ್ಯಾಮ್, ಹಸಿ ಹಾಲಿನ ಮೆತ್ತನೆ ಚೀಸು ತಿನ್ನಬಾರದು. ಲಿಸ್ಟೀರಿಯಾ ಎನ್ನುವ ಬ್ಯಾಕ್ಟೀರಿಯಾ ಮತ್ತು ಟಾಕ್ಸೊಪ್ಲಾಸ್ಮಾ ಎನ್ನುವ ಪರಾವಲಂಬಿಯಿಂದ ಮಗುವಿಗೆ ಅಪಾಯ. ರೋಗ ನಿರೋಧಕ ಶಕ್ತಿ ಕಡಿಮೆ ಇರುವ ಹಿರಿಯರಿಗೂ ಇದೇ ಮಾತು. 5 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಹಸಿ ಹಾಲಿನ ಮೆತ್ತನೆ ಚೀಸು ಕೊಡಬೇಡಿ. ಚೀಟಿಯಲ್ಲಿ 'ಲೆ ಕ್ರ್ಯು' ಎಂದಿದ್ದರೆ ಅದು ಕಾಯಿಸದ ಹಾಲು. ಕೊಂತೆಯಂಥ ಗಟ್ಟಿ ಚೀಸು ಕೊಡಬಹುದು. ರಕ್ತದೊತ್ತಡ ಇರುವವರು ಉಪ್ಪಿನ ಕಡೆ ಗಮನ ಇಡಿ. ಇಲ್ಲಿ ಎಲ್ಲದರಲ್ಲೂ ಉಪ್ಪು ಜಾಸ್ತಿ.

ಹಂತ 3: ಏನೇನಿದೆ ಅಂತ ತಿಳಿದುಕೊಳ್ಳಿ

ಗಾಜಿನ ಹಿಂದೆ ಐವತ್ತು ಬಗೆ ಇರುತ್ತದೆ. ನಿಮಗೆ ಗೊತ್ತಿರಬೇಕಾದದ್ದು ಇಷ್ಟು.

*ಜಾಂಬೋಂ* ಅಂದರೆ ಹ್ಯಾಮ್, ಹಂದಿಯ ತೊಡೆ. 'ಜಾಂಬೋಂ ಬ್ಲಾಂ' ಬೇಯಿಸಿದ್ದು, ತಿಳಿ ಗುಲಾಬಿ, ಮೆತ್ತಗಿರುತ್ತದೆ. ಮಕ್ಕಳಿಗೆ ಒಗ್ಗುತ್ತದೆ. 'ಜಾಂಬೋಂ ಕ್ರ್ಯು' ಬೇಯಿಸದೆ ಉಪ್ಪಿನಲ್ಲಿಟ್ಟು ತಿಂಗಳುಗಟ್ಟಲೆ ಒಣಗಿಸಿದ್ದು. ನೈಋತ್ಯ ಫ್ರಾನ್ಸಿನ ಬಯಾನ್ ಹ್ಯಾಮ್ ಇದರಲ್ಲಿ ಹೆಸರುವಾಸಿ. ಅದನ್ನು ಕಡೇ ಪಕ್ಷ 7 ತಿಂಗಳು ಮಾಗಿಸಬೇಕು.

*ಸೋಸಿಸೋಂ ಸೆಕ್* ಅಂದರೆ ಒಣ ಸಾಸೇಜು. ಲಿಯೋನಿನ ಹೆಮ್ಮೆ ಇದರಲ್ಲೇ ಇದೆ. ಉದ್ದವಾಗಿ ಕದಿರಿನಂತೆ ತುದಿ ಸಣ್ಣಗಾಗುವುದು 'ರೋಸೆಟ್'. ದಪ್ಪಗೆ, ದಾರ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಕೂಸಿನಂತೆ ಕಾಣುವುದು 'ಜೆಜ್ಯು'. ಹೌದು, ಏಸುವಿನ ಹೆಸರೇ. ದಪ್ಪ ಇರುವುದರಿಂದ ಜೆಜ್ಯು ನಿಧಾನವಾಗಿ ಒಣಗುತ್ತದೆ, ಒಳಗೆ ಮೆತ್ತಗಿರುತ್ತದೆ. ಇವುಗಳ ಮೈಮೇಲೆ ಬಿಳಿ ಪುಡಿ ಕಂಡರೆ ಕೆಟ್ಟಿದೆ ಎಂದು ವಾಪಸು ಕೊಡಬೇಡಿ. ಅದು ಬೇಕೆಂದೇ ಬೆಳೆಸಿದ ಒಳ್ಳೆಯ ಬೂಷ್ಟು. ಮಾಂಸ ಹದವಾಗಿ ಒಣಗಲು ಅದೇ ನೆರವಾಗುತ್ತದೆ. ಲೋಳೆಯಾಗಿದ್ದರೆ, ಹುಳಿ ನಾತ ಬಂದರೆ ಮಾತ್ರ ಬೇಡ.

*ಪಾತೆ, ತೆರೀನ್.* ಅರೆದ ಅಥವಾ ಕೊಚ್ಚಿದ ಮಾಂಸಕ್ಕೆ ಮಸಾಲೆ ಬೆರೆಸಿ ಅಚ್ಚಿನಲ್ಲಿ ಬೇಯಿಸಿದ್ದು. ಅದನ್ನೇ ಹಿಟ್ಟಿನ ಹೊದಿಕೆಯೊಳಗೆ ಇಟ್ಟು ಸುಟ್ಟರೆ ಪಾತೆ ಆಂ ಕ್ರೂತ್. ಲಿಯೋನಿನವರು ನಡುವಿನ 'ಆಂ' ಬಿಟ್ಟು 'ಪಾತೆ-ಕ್ರೂತ್' ಅನ್ನುತ್ತಾರೆ. ಇದಕ್ಕಾಗಿ ಒಂದು ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತದೆ. ಅಡ್ಡ ಕೊಯ್ದ ತುಂಡಿನಲ್ಲಿ ಪಿಸ್ತಾ, ಮಾಂಸದ ಚೌಕ, ಮೇಲೆ ಹೊಳೆಯುವ ಜೆಲ್ಲಿ ಕಾಣುತ್ತದೆ. ಒಂದೇ ಒಂದು ತಿನಿಸು ಕೊಳ್ಳುವಷ್ಟು ದುಡ್ಡಿದ್ದರೆ ನಾನು ಇದನ್ನೇ ಕೊಳ್ಳುತ್ತೇನೆ.

*ರಿಯೆತ್.* ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಮಾಂಸ. ಮೂಲತಃ ತೂರ್ ಮತ್ತು ಲ ಮಾಂ ಎನ್ನುವ ಊರುಗಳ ಕಡೆಯದು, ಆದರೆ ಎಲ್ಲೆಡೆ ಸಿಗುತ್ತದೆ.

*ಗ್ರಾತೋಂ.* ಹಂದಿ ಕೊಬ್ಬನ್ನು ಕರಗಿಸಿದಾಗ ಉಳಿಯುವ ಗರಿಗರಿ ಚೂರು. ಊಟಕ್ಕೆ ಮೊದಲು ಕುರುಕಲು.

ಈಗ ಎಚ್ಚರಿಕೆ. ಗಾಜಿನ ಹಿಂದೆ ಇರುವುದೆಲ್ಲ ಹಾಗೇ ತಿನ್ನುವಂಥದ್ದಲ್ಲ. ಲಿಯೋನಿನ 'ಸೆರ್ವೆಲಾ' ಮತ್ತು 'ಸೋಸಿಸೋಂ ಆ ಕ್ವೀರ್' ಹಸಿ ಸಾಸೇಜುಗಳು. ಬಿಸಿನೀರಿನಲ್ಲಿ ಬೇಯಿಸದೆ ತಿನ್ನುವಂತಿಲ್ಲ. 'ಆ ಕ್ವೀರ್' ಅಂದರೆ ಬೇಯಿಸಬೇಕಾದದ್ದು, ಇದೊಂದು ಪದ ಮರೆಯಬೇಡಿ. 'ಆಂದುಯೆತ್' ಕರುಳು ತುಂಬಿದ ಸಾಸೇಜು, ಬಿಸಿ ಮಾಡಿ ತಿನ್ನುವಂಥದ್ದು, ವಾಸನೆ ಗಾಢ. 'ಬೂದಾಂ ನ್ವಾರ್' ರಕ್ತದಿಂದ ಮಾಡಿದ್ದು. ಸಲಾಡಿನಂತೆ ಕಾಣುವ 'ಮ್ಯೂಜೋ' ಹಂದಿಯ ಮೂತಿಯ ತೆಳು ಹೋಳುಗಳು. ತಿನ್ನುವವರಿಗೆ ರುಚಿ, ತರಕಾರಿ ಎಂದುಕೊಂಡವರಿಗೆ ಆಘಾತ.

ಹಂತ 4: ಸಸ್ಯಾಹಾರಿಗಳಿಗೆ ಸರಿಯಾದ ಊಟ

ಇದನ್ನು ಕೊನೆಗೆ ಬಿಡಬೇಡಿ. ಸಸ್ಯಾಹಾರಿಗಳಿಗೆ ಒಣ ಬ್ರೆಡ್ಡು, ಒಂದು ಬಾಳೆಹಣ್ಣು ಕೊಟ್ಟು ಉಳಿದವರು ಹಬ್ಬ ಮಾಡಿದರೆ ಅದು ಒಟ್ಟಿಗೆ ಮಾಡಿದ ಊಟವಲ್ಲ. ನನ್ನ ಕ್ರಮ ಏನೆಂದರೆ ಅವರಿಗೆ ಬೇಕಾದ್ದನ್ನೇ ಮೊದಲು ಕೊಳ್ಳುವುದು.

ಬಹಳಷ್ಟು ಶಾರ್ಕ್ಯುತ್ರಿ ಅಂಗಡಿಗಳು 'ತ್ರೆತರ್' ಕೂಡ ಹೌದು. ಅಂದರೆ ಸಿದ್ಧ ಅಡುಗೆಯನ್ನೂ ತೂಕದ ಮೇಲೆ ಮಾರುತ್ತವೆ. ತುರಿದ ಕ್ಯಾರೆಟ್ ಸಲಾಡ್, ಬೀಟ್‌ರೂಟ್ ಸಲಾಡ್ ಸಿಗುತ್ತವೆ. ತುರಿದ ಸೆಲೆರಿ ಗಡ್ಡೆಯ 'ಸೆಲೆರಿ ರೆಮುಲಾದ್'ನಲ್ಲಿ ಮೇಯನೇಸ್ ಇರುವುದರಿಂದ ಮೊಟ್ಟೆ ಬಂತು. ಬೇಳೆ ಸಲಾಡ್ ಚೆನ್ನಾಗಿರುತ್ತದೆ, ಆದರೆ 'ಲಾರ್ದೋಂ' ಎನ್ನುವ ಹಂದಿ ಚೂರು ಬೆರೆತಿದೆಯಾ ಎಂದು ಕೇಳಿ. ಲಿಯೋನಿನ ಹೆಸರಿರುವ ಸೊಪ್ಪಿನ ಸಲಾಡಿನಲ್ಲಂತೂ ಅದು ಇದ್ದೇ ಇರುತ್ತದೆ. ಆಲಿವ್ ಅರೆದ 'ತಾಪನಾದ್' ನೋಡಲು ಚಟ್ನಿಯಂತಿದ್ದರೂ ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ.

'ನಾವು ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. 'ಸಾಂ ವ್ಯಾಂದ್, ಸಾಂ ಪ್ವಾಸೋಂ' ಎನ್ನಿ. ಮಾಂಸ ಬೇಡ, ಮೀನು ಬೇಡ ಎಂದರ್ಥ.

ಇಲ್ಲೊಂದು ಒಳ್ಳೆಯ ತಿನಿಸಿದೆ, ಹೆಸರಿಗೆ ಹೆದರಿ ಬಿಡಬೇಡಿ. 'ಸೆರ್ವೆಲ್ ದ ಕಾನ್ಯು' ಅಂದರೆ 'ರೇಷ್ಮೆ ನೇಕಾರನ ಮಿದುಳು'. ಮಿದುಳೂ ಇಲ್ಲ, ಮಾಂಸವೂ ಇಲ್ಲ. ತಾಜಾ ಬಿಳಿ ಚೀಸಿಗೆ ಸಣ್ಣಗೆ ಹೆಚ್ಚಿದ ಸೊಪ್ಪು, ಸಣ್ಣ ಈರುಳ್ಳಿ, ಉಪ್ಪು, ಮೆಣಸು, ಎಣ್ಣೆ, ವಿನೆಗರ್ ಬೆರೆಸಿದ್ದು. ಗಟ್ಟಿ ಮೊಸರಿನ ಪಚಡಿಯನ್ನು ನೆನಪಿಸುತ್ತದೆ. ಕಾನ್ಯು ಅಂದರೆ ಲಿಯೋನಿನ ಕ್ರ್ವಾ-ರೂಸ್ ಗುಡ್ಡದಲ್ಲಿ ಮಗ್ಗ ನಡೆಸುತ್ತಿದ್ದ ರೇಷ್ಮೆ ನೇಕಾರರು. 1831ರಲ್ಲಿ ಕೂಲಿಗಾಗಿ ಬಂಡೆದ್ದವರು ಇವರೇ. ನಸುಕಿನಿಂದ ದುಡಿದು ಬೆಳಿಗ್ಗೆಯೇ ಕೂತು ತಿನ್ನುತ್ತಿದ್ದ ಅವರ ಹೊಟ್ಟೆತುಂಬ ಊಟಕ್ಕೆ 'ಮಾಶೋಂ' ಎಂದು ಹೆಸರು. ಇಂದಿಗೂ ಊರಿನ ಕೆಲವು 'ಬೂಶೋಂ'ಗಳಲ್ಲಿ, ಅಂದರೆ ಲಿಯೋನಿನ ಸಾಂಪ್ರದಾಯಿಕ ಸಣ್ಣ ಊಟದ ಮನೆಗಳಲ್ಲಿ, ಅದು ಸಿಗುತ್ತದೆ.

ಚೀಸಿನ ಬಗ್ಗೆ ಒಂದು ಸತ್ಯ ಹೇಳಲೇಬೇಕು. ಹಾಲು ಒಡೆಸಲು ಫ್ರಾನ್ಸಿನಲ್ಲಿ ಹೆಚ್ಚಾಗಿ ಬಳಸುವುದು 'ಪ್ರೆಜ್ಯೂರ್', ಅಂದರೆ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ. ಕೊಂತೆ, ರೋಕ್‌ಫೋರ್ ಎರಡೂ ಹಾಗೆ ಮಾಡಿದವೇ. ಬಿಳಿ ಚೀಸಿನಲ್ಲೂ ಅದು ಇರಬಹುದು. ಮನೆಯ ಹಿರಿಯರಿಗೆ ಇದು ಮುಖ್ಯವಾದರೆ ಮೊದಲೇ ಹೇಳಿಬಿಡಿ, ತಿಂದ ಮೇಲೆ ಹೇಳಬೇಡಿ. ಅವರಿಗೆ ಒಳ್ಳೆಯ ಬೆಣ್ಣೆ, ಬ್ರೆಡ್ಡು, ಆಲಿವ್, ಕ್ಯಾರೆಟ್ ಸಲಾಡ್, ಟೊಮೆಟೊ, ಹಣ್ಣು ಇದ್ದರೆ ಹೊಟ್ಟೆ ತುಂಬುತ್ತದೆ. ಬ್ಯಾಗಿನಲ್ಲಿ ಒಂದು ಪೊಟ್ಟಣ ಚಟ್ನಿಪುಡಿ ಇದ್ದರೆ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಅದು ಸೊಗಸಾಗಿರುತ್ತದೆ.

ಹಂತ 5: ಕೊಳ್ಳುವುದು

ಅಂಗಡಿಯವರ ಕಣ್ಣು ಸಿಕ್ಕ ತಕ್ಷಣ 'ಬೋಂಜೂರ್' ಎನ್ನಿ. ಇದು ಸುಮ್ನೆ ಶಿಷ್ಟಾಚಾರ ಅಲ್ಲ. ಬೋಂಜೂರ್ ಇಲ್ಲದೆ ಬೆರಳು ತೋರಿಸಿ ಕೇಳಿದರೆ ಅಲ್ಲಿ ಅದು ಒರಟುತನ. ಆಮೇಲೆ ಇಂಗ್ಲಿಷ್, ಕೈಸನ್ನೆ ಏನಾದರೂ ನಡೆಯುತ್ತದೆ.

ನಾಲ್ಕು ಜನ ದೊಡ್ಡವರು ತಿನ್ನುವವರಿದ್ದರೆ ನನ್ನ ಲೆಕ್ಕ ಹೀಗೆ: ಜಾಂಬೋಂ ಬ್ಲಾಂ 3 ಹಾಳೆ, ರೋಸೆಟ್ 100 ಗ್ರಾಂ, ಪಾತೆ-ಕ್ರೂತ್ ಒಂದು ತುಂಡು, ರಿಯೆತ್ 80ರಿಂದ 100 ಗ್ರಾಂ. ಒಟ್ಟು ಅರ್ಧ ಕೆಜಿಗಿಂತ ಕಡಿಮೆ. ಕಮ್ಮಿ ಅನಿಸುತ್ತದೆ, ಅಲ್ವಾ? ಕೊಬ್ಬು ಮತ್ತು ಉಪ್ಪು ಇಷ್ಟಿರುವ ತಿನಿಸು ತಲೆಗೆ 125 ಗ್ರಾಂ ದಾಟಿದರೆ ಸಾಕೆನಿಸಿಬಿಡುತ್ತದೆ. ಇದಕ್ಕೆ 200 ಗ್ರಾಂ ಚೀಸು. ಊರಿನ ಹತ್ತಿರದ ಸೇಂ-ಮಾರ್ಸೆಲಾಂ ಚೆನ್ನ, ಅಂಗೈ ಅಗಲದ ಬಿಲ್ಲೆ, ಒಳಗೆ ಹರಿಯುವಷ್ಟು ಮೆತ್ತಗೆ. ಬ್ರೆಡ್ಡು ಇಬ್ಬರಿಗೆ ಒಂದು ಬ್ಯಾಗೆಟ್. 'ಬ್ಯಾಗೆಟ್ ದ ತ್ರಾದಿಸಿಯೋಂ' ಎಂದು ಕೇಳಿ ತೆಗೆದುಕೊಳ್ಳಿ. 1993ರ ಕಾನೂನಿನ ಪ್ರಕಾರ ಅದರ ಹಿಟ್ಟಿಗೆ ರಾಸಾಯನಿಕ ಬೆರೆಸುವಂತಿಲ್ಲ, ಹೆಪ್ಪುಗಟ್ಟಿಸಿ ಇಡುವಂತಿಲ್ಲ.

ಒಂದು ಬಾಟಲಿ 'ಕೊರ್ನಿಶೋಂ' ಮರೆಯಲೇಬೇಡಿ. ಕಿರುಬೆರಳಿನಷ್ಟು ಸೌತೆಕಾಯಿಯನ್ನು ವಿನೆಗರಿನಲ್ಲಿ ಹಾಕಿಟ್ಟದ್ದು. ಮೊಸರನ್ನಕ್ಕೆ ಉಪ್ಪಿನಕಾಯಿ ಹೇಗೋ ಕೊಬ್ಬಿನ ಪಾತೆಗೆ ಅದು ಹಾಗೆ. ಜೊತೆಗೆ ದಿಜೋಂ ಸಾಸಿವೆ, ಅಂದರೆ ಅರೆದ ಸಾಸಿವೆಯ ಪೇಸ್ಟ್. ಮೂಗಿಗೆ ಏರುತ್ತದೆ, ಸ್ವಲ್ಪ ಹಚ್ಚಿ.

ಬೆಲೆ ಹಲಗೆಯಲ್ಲಿ ಮೂರು ರೀತಿ ಬರೆದಿರುತ್ತಾರೆ: ಕೆಜಿಗೆ, 100 ಗ್ರಾಮಿಗೆ, ಅಥವಾ ಒಂದಕ್ಕೆ. 100 ಗ್ರಾಮಿನ ಬೆಲೆಯನ್ನು ಕೆಜಿ ಬೆಲೆ ಎಂದುಕೊಂಡು ಮೋಸ ಹೋಗುವುದು ಸುಲಭ. ಪಾತೆ-ಕ್ರೂತ್ ಕೊಯ್ಯುವ ಮುಂಚೆ ಅವರು ಚಾಕು ಇಟ್ಟು ಅಳತೆ ತೋರಿಸುತ್ತಾರೆ. ದಪ್ಪ ಅನಿಸಿದರೆ 'ಪ್ಲ್ಯು ಫಾಂ' ಎನ್ನಿ, ಇನ್ನೂ ತೆಳು ಎಂದರ್ಥ. 'ಸೆ ತೂ, ಮೆರ್ಸಿ' ಎಂದರೆ ಇಷ್ಟೇ ಸಾಕು, ಥ್ಯಾಂಕ್ಸ್.

ಚಾಕು ಬೇಕು. ಪಕ್ಕದ ಸವ್ವಾ ಪ್ರಾಂತ್ಯದ, ಮರದ ಹಿಡಿಯ ಮಡಿಸುವ 'ಒಪಿನೆಲ್' ಚಾಕು 1890ರಿಂದ ಇದೆ. ಬೆಲೆ ಜಾಸ್ತಿಯೇನಿಲ್ಲ, ಪಿಕ್ನಿಕ್ಕಿಗೆ ಅದೇ ಸಾಕು. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್‌ಇನ್ ಪೆಟ್ಟಿಗೆಗೆ ಹಾಕಿ.

ಹಂತ 6: ಜಾಗ

ಮಾರುಕಟ್ಟೆಯ ಒಳಗೇ ಕೂತು ತಿನ್ನುವ ಕೌಂಟರುಗಳಿವೆ. ಆದರೆ ಒಂದು ಅಂಗಡಿಯ ಮೇಜಿನಲ್ಲಿ ಇನ್ನೊಂದು ಅಂಗಡಿಯ ಪೊಟ್ಟಣ ಬಿಚ್ಚಬೇಡಿ. ಮನೆಮಂದಿ ಇದ್ದರೆ ನಾನು ಹೇಳುವುದು ತೇತ್ ದೋರ್ ಪಾರ್ಕು. ಮಾರುಕಟ್ಟೆಯಿಂದ ಸುಮಾರು 2 ಕಿಮೀ. 1857ರಲ್ಲಿ ತೆರೆದ, 117 ಹೆಕ್ಟೇರಿನ ಉದ್ಯಾನ. ಕೆರೆ, ಜಿಂಕೆಗಳು, ಪ್ರಾಣಿ ಸಂಗ್ರಹಾಲಯ ಎಲ್ಲ ಇದೆ, ಪ್ರವೇಶ ಉಚಿತ. ಹುಲ್ಲಿನ ಮೇಲೆ ಕೂರಬಹುದು. ಮಂಡಿ ನೋವಿನವರಿದ್ದರೆ ಬೆಂಚಿನ ಪಕ್ಕವೇ ಚಾಪೆ ಹಾಸಿ. ರೋನ್ ನದಿ ದಂಡೆಯ ಮೆಟ್ಟಿಲುಗಳೂ ಚೆನ್ನಾಗಿವೆ, ನೆರಳು ಮಾತ್ರ ಕಡಿಮೆ.

ಮಳೆ ಬಂದರೆ ಬೂಶೋಂಗೆ ಹೋಗಿ 'ಪ್ಲಾಂಶ್' ಕೇಳಿ, ಹಲಗೆಯ ಮೇಲೆ ಜೋಡಿಸಿ ತರುತ್ತಾರೆ. ಮಧ್ಯಾಹ್ನದ ಅಡುಗೆಮನೆ 2ರ ಹೊತ್ತಿಗೆ ಮುಚ್ಚುವುದರಿಂದ 12.30ಕ್ಕೆ ಅಲ್ಲಿರಿ. 'ಕರಾಫ್ ದೋ' ಎಂದರೆ ಹೂಜಿಯಲ್ಲಿ ನಲ್ಲಿ ನೀರು ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ಹಂತ 7: ಹರಡುವುದು, ತಿನ್ನುವುದು

ಒಣ ಸಾಸೇಜು, ಹ್ಯಾಮು, ಚೀಸು ಫ್ರಿಜ್ಜಿನಿಂದ ತೆಗೆದ ತಕ್ಷಣ ರುಚಿ ಬಿಡುವುದಿಲ್ಲ. 20 ನಿಮಿಷ ಹೊರಗಿರಲಿ. ಪಾತೆ, ರಿಯೆತ್ ಮಾತ್ರ ಕೊನೆಗೆ ತೆಗೆಯಿರಿ, ಬಿಸಿಲಿಗೆ ಇಡಬೇಡಿ. ಎರಡು ಗಂಟೆ ದಾಟಿ ಹೊರಗಿದ್ದ ಪಾತೆ, ರಿಯೆತ್, ಬೆಂದ ಹ್ಯಾಮ್ ಎಸೆದುಬಿಡಿ. ಬೇಸಿಗೆಯ ಬಿಸಿಲಿದ್ದರೆ ಇನ್ನೂ ಬೇಗ.

ಸಸ್ಯಾಹಾರಕ್ಕೆ ಬೇರೆ ಹಲಗೆ, ಬೇರೆ ಚಾಕು. ಬ್ರೆಡ್ಡನ್ನು ಮಾಂಸದ ಚಾಕುವಿನಿಂದ ಕೊಯ್ಯಬೇಡಿ, ಕೈಯಿಂದ ಮುರಿಯಿರಿ. ಅಲ್ಲಿಯವರೂ ಮುರಿದೇ ತಿನ್ನುವುದು.

ಎಲ್ಲವನ್ನೂ ಒಮ್ಮೆಲೇ ನಡುವೆ ಇಟ್ಟುಬಿಡಿ. ಬಡಿಸುವವರು ಬೇಡ. ನಾನು ಈ ಊಟವನ್ನು ಇಷ್ಟು ಒತ್ತಾಯಿಸಿ ಹೇಳುವುದಕ್ಕೆ ಕಾರಣ ಇದೇ. ನಮ್ಮ ಮನೆಗಳಲ್ಲಿ ಬಿಸಿ ಬಿಸಿ ಬಡಿಸಲು ಯಾರಾದರೂ ಒಬ್ಬರು ನಿಂತೇ ಇರುತ್ತಾರೆ, ಹೆಚ್ಚಾಗಿ ಅಮ್ಮ. ಇಲ್ಲಿ ಬಿಸಿ ಮಾಡುವಂಥದ್ದು ಏನೂ ಇಲ್ಲ, ಆರಿಹೋಗುವಂಥದ್ದೂ ಇಲ್ಲ. ನಮ್ಮಮ್ಮ ಆ ಪಾರ್ಕಿನಲ್ಲಿ ಮೊದಲ ತುತ್ತಿನಿಂದ ಕೊನೆಯವರೆಗೆ ಏಳಲೇ ಇಲ್ಲ. ಕ್ಯಾರೆಟ್ ಸಲಾಡ್, ಬೆಣ್ಣೆ ಬ್ರೆಡ್ಡು ತಿನ್ನುತ್ತಾ ಎರಡೂವರೆ ಗಂಟೆ ಕೂತು ತಮ್ಮ ಮದುವೆಯ ಕತೆ ಪೂರ್ತಿ ಹೇಳಿದರು.

ತಿನ್ನುವ ಕ್ರಮ: ಸಪ್ಪೆಯಿಂದ ಗಾಢಕ್ಕೆ. ಮೊದಲು ಬೆಂದ ಹ್ಯಾಮ್, ಆಮೇಲೆ ಪಾತೆ-ಕ್ರೂತ್, ರಿಯೆತ್, ಕೊನೆಗೆ ರೋಸೆಟ್. ಅದಾದ ಮೇಲೆ ಚೀಸು. ರೋಸೆಟ್ ಸುತ್ತಲಿನ ಚರ್ಮ ಸುಲಿದು ತಿನ್ನಿ. ಪಾತೆಯನ್ನು ಜಾಮ್‌ನಂತೆ ಸವರಬೇಡಿ, ತುಂಡು ಮಾಡಿ ಬ್ರೆಡ್ಡಿನ ಮೇಲಿಟ್ಟು ಕಚ್ಚಿ. ರಿಯೆತ್ ಮಾತ್ರ ದಪ್ಪಗೆ ಹಚ್ಚುವಂಥದ್ದು. ನಡುನಡುವೆ ಒಂದು ಕೊರ್ನಿಶೋಂ. ಕುಡಿಯುವವರಿಗೆ ಉತ್ತರದ ಗುಡ್ಡಗಳ ಬೋಜೊಲೆ ವೈನು, ಕುಡಿಯದವರಿಗೆ ದ್ರಾಕ್ಷಿ ರಸ ಅಥವಾ ಗುಳ್ಳೆ ನೀರು. ಸಿಹಿಗೆ ಗುಲಾಬಿ ಬಣ್ಣದ ಸಕ್ಕರೆ ಹೊದಿಸಿದ ಬಾದಾಮಿ 'ಪ್ರಾಲೀನ್'. ಅದನ್ನು ಹಾಕಿದ ಬ್ರಿಯೋಶ್ ಬನ್ನೂ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇರುತ್ತದೆ.

ಹಂತ 8: ಉಳಿದದ್ದು

ಫ್ರಾನ್ಸಿನೊಳಗೆ ರೈಲಿನಲ್ಲಿ ಒಯ್ಯಬಹುದು. ಕೊಯ್ಯದ ಒಣ ಸಾಸೇಜು ಕಾಗದದಲ್ಲಿ ಸುತ್ತಿದರೆ ಕೆಲವು ದಿನ ಇರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ. 'ಸು ವೀದ್' ಎಂದರೆ ಗಾಳಿ ತೆಗೆದು ಪ್ಯಾಕ್ ಮಾಡಿಕೊಡುತ್ತಾರೆ.

ಗಡಿ ದಾಟುವಾಗ ಹುಷಾರು. ಸ್ವಿಟ್ಜರ್ಲೆಂಡಿಗೆ ಹೋಗುವವರಿಗೆ ಸುಂಕವಿಲ್ಲದೆ ತಲೆಗೆ 1 ಕೆಜಿ ಮಾಂಸದ ಮಿತಿ. ಲಂಡನ್ನಿಗೆ ರೈಲು ಹಿಡಿಯುವವರು ಒಯ್ಯಲೇಬೇಡಿ. ಯುರೋಪಿನಿಂದ ಮಾಂಸ, ಚೀಸು ತರುವುದನ್ನು ಬ್ರಿಟನ್ 2025ರ ಏಪ್ರಿಲ್‌ನಲ್ಲಿ ನಿಷೇಧಿಸಿದೆ. ವಿಮಾನದ ಕೈಚೀಲದಲ್ಲಿ ಪಾತೆ, ರಿಯೆತ್‌ಗಳನ್ನು ಪೇಸ್ಟ್ ಎಂದು ಲೆಕ್ಕ ಹಿಡಿದು ತೆಗೆದಿಡಬಹುದು. ಭಾರತಕ್ಕೆ ತರುವ ಆಸೆ ಬಿಟ್ಟುಬಿಡಿ. ಮಾಂಸದ ತಿನಿಸುಗಳನ್ನು ಕಸ್ಟಮ್ಸ್‌ನಲ್ಲಿ ಘೋಷಿಸಬೇಕು, ಪರವಾನಗಿ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಊರಿನವರಿಗೆ ಪ್ರಾಲೀನ್ ತನ್ನಿ, ಒಂದು ಬಾಟಲಿ ಸಾಸಿವೆ ತನ್ನಿ. ಸಾಸಿವೆಯೂ ಚೆಕ್‌ಇನ್ ಪೆಟ್ಟಿಗೆಗೇ.